ಖಾತೆಗೆ ಒಂದೇ ಹೆಸರು

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಪೈಕಿ ನಾಲ್ಕು ಪಾಂಡವಪುರ ಉಪವಿಭಾಗಕ್ಕೆ ಸೇರುತ್ತವೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಈ ಸೀಮೆಯಲ್ಲಿ ತಹಸೀಲ್ದಾರರ ಖಾತೆ ಆದೇಶವನ್ನು ಒಪ್ಪದವರು ಮೇಲ್ಮನವಿ ಹಿಡಿದು ಹತ್ತುವುದು ಪಾಂಡವಪುರದ ಉಪವಿಭಾಗಾಧಿಕಾರಿಯ (ಎ.ಸಿ.) ಕೋರ್ಟಿನ ಮೆಟ್ಟಿಲನ್ನು. ಇಂಥ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಕತೆ ಒಂದೇ ಬಗೆಯದು. ಅಜ್ಜ ವಿಲ್ ಬರೆಯದೆ ತೀರಿಕೊಂಡರು. ಖಾತೆ ದೊಡ್ಡಪ್ಪನ ಹೆಸರಿಗೆ ಹೋಯಿತು. ಉಳುಮೆ ಮಾತ್ರ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡಂತೆ ನಡೆಯಿತು. ಆಮೇಲೆ ದೊಡ್ಡಪ್ಪನೂ ಹೋದರು. ಈಗ ಅವರ ಮಕ್ಕಳು ಪಹಣಿ ತೋರಿಸಿ ‘ಇದೆಲ್ಲ ನಮ್ಮಪ್ಪನದು’ ಅನ್ನುತ್ತಾರೆ; ಮದುವೆಯಾಗಿ ಹೋದ ಅತ್ತೆಯರು ‘ನಮಗೂ ಪಾಲಿದೆ’ ಅನ್ನುತ್ತಾರೆ.

ಇದನ್ನು ಬರೀ ದಾಯಾದಿ ಮತ್ಸರ ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಜಗಳದ ಬೇರು ಮನೆಯಲ್ಲಿ ಎಷ್ಟಿದೆಯೋ ಕಚೇರಿಯಲ್ಲೂ ಅಷ್ಟೇ ಇದೆ. ಕಂದಾಯದ ಪುಸ್ತಕಕ್ಕೆ ಬೇಕಾಗಿದ್ದದ್ದು ಒಂದು ಹೆಸರು, ಹಣ ಕಟ್ಟುವವನದು. ವಾರಸಾ ಕಾನೂನು ಹೇಳುತ್ತ ಬಂದದ್ದು ಹಲವು ಹೆಸರು. ಈ ಎರಡರ ನಡುವಿನ ಸಂದಿಯಲ್ಲೇ ನಾಲ್ಕು ತಾಲ್ಲೂಕುಗಳ ಹೊಲಗದ್ದೆ ಇನ್ನೂರು ವರ್ಷಗಳಿಂದ ತಲೆಮಾರಿನಿಂದ ತಲೆಮಾರಿಗೆ ದಾಟಿದೆ.

ಕಲ್ಯಾಣದ ಕಟ್ಟಳೆ, ಶಾನುಭೋಗರ ಕಡತ

ಮೊದಲು ಹಲವು ಹೆಸರಿನ ಕತೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಬಂಗಾಳ ಮತ್ತು ಅಸ್ಸಾಮಿನ ಕಡೆ ಬಿಟ್ಟರೆ ಭಾರತದ ಹೆಚ್ಚಿನ ಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ನಡೆದದ್ದು ಈ ಕನ್ನಡ ನೆಲದ ಗ್ರಂಥ ಹೇಳಿದಂತೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತಾಗ ಅಲ್ಲ, ತಾನು ಹುಟ್ಟಿದಾಗಲೇ ಎಂಬುದು ಅದರ ತಿರುಳು. ಒಟ್ಟು ಕುಟುಂಬದಲ್ಲಿ ಒಬ್ಬ ಸತ್ತರೆ ಅವನ ಪಾಲು ಬದುಕಿರುವ ಗಂಡಸರ ಪಾಲಿನಲ್ಲಿ ಕರಗುತ್ತದೆ. ವಿಧವೆಗೆ ಜೀವನಾಂಶ, ಮಗಳಿಗೆ ಮದುವೆಯ ಖರ್ಚು. ಪಾಲಾಗಿ ಬೇರೆ ಹೋದವನು ಗಂಡುಮಕ್ಕಳಿಲ್ಲದೆ ಸತ್ತರೆ ಮಾತ್ರ ಆಸ್ತಿ ಹೆಂಡತಿಗೆ, ಆಮೇಲೆ ಮಗಳಿಗೆ. ಇಂಥ ಏರ್ಪಾಡಿನಲ್ಲಿ ವಿಲ್ಲಿನ ಅಗತ್ಯವೇ ಬೀಳುತ್ತಿರಲಿಲ್ಲ. ಹಳ್ಳಿಯ ಹಿರಿಯರು ಇಂದಿಗೂ ವಿಲ್ ಬರೆಯಲು ಹಿಂಜರಿಯುವುದಕ್ಕೆ ಸಾವಿನ ಮಾತು ಅಪಶಕುನ ಎಂಬ ಅಳುಕಷ್ಟೇ ಕಾರಣವಲ್ಲ. ‘ಮಕ್ಕಳಿದ್ದಾರಲ್ಲ, ಅವರದೇ ತಾನೆ’ ಎಂಬ ಈ ಹಳೆಯ ನಂಬಿಕೆಯೂ ಕಾರಣ.

ಇನ್ನು ಒಂದು ಹೆಸರಿನ ಕತೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ದ್ವೀಪವನ್ನು ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿತು. ಸುತ್ತಲ ಸೀಮೆ ಮೈಸೂರು ಅರಸರಿಗೆ ಮರಳಿತು. ಟಿಪ್ಪುವಿನ ಕಾಲದಲ್ಲೇ ಲೆಕ್ಕ ನೋಡಿದ್ದ ಪೂರ್ಣಯ್ಯ 1811ರವರೆಗೆ ದಿವಾನರಾಗಿ ಕಂದಾಯ ವ್ಯವಸ್ಥೆ ನಡೆಸಿದರು. ಊರಿನ ಮಟ್ಟದಲ್ಲಿ ಆ ಲೆಕ್ಕ ಬರೆದವರು ವಂಶಪಾರಂಪರ್ಯದ ಶಾನುಭೋಗರು. ವಸೂಲಿಗೆ ನಿಂತವರು ಪಟೇಲರು. ಶಾನುಭೋಗರ ಕೈಯಲ್ಲಿದ್ದದ್ದು ಕಡತ: ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಕಪ್ಪಗೆ ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಕೆಂದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಗೌಡನೊಬ್ಬ ಸತ್ತರೆ ಅವನ ಹೆಸರು ಒರೆಸಿ ಮಗನ ಹೆಸರು ಬರೆದರೆ ಸರ್ಕಾರದ ಕೆಲಸ ಮುಗಿಯಿತು. ಮಗನ ಹಿಂದೆ ಎಷ್ಟು ಜನ ತಮ್ಮಂದಿರಿದ್ದಾರೆ ಎಂಬುದು ಊರಿಗೆ ಗೊತ್ತಿತ್ತು. ಕಡತಕ್ಕೆ ಅದು ಬೇಕಿರಲಿಲ್ಲ.

ಸರಪಳಿ ಬಂತು, ಹಿರೀಮಗ ಗಟ್ಟಿಯಾದ

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆತ್ತಿಕೊಂಡರು. ಬೆಳೆಯಲ್ಲಿ ಅರ್ಧ ಸರ್ಕಾರಕ್ಕೆ ಕೊಡುವ ವಾರದ ಪದ್ಧತಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಹಂತಹಂತವಾಗಿ ನಗದು ಕಂದಾಯಕ್ಕೆ ತಿರುಗಿತು. ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಮುಂಬಯಿ ಮಾದರಿಯ ಸರ್ವೆ ಮತ್ತು ಸೆಟ್ಲ್‌ಮೆಂಟ್ ಚಿತ್ರದುರ್ಗದ ಕಡೆಯಿಂದ ಶುರುವಾಗಿ ಮುಂದೆ ಇಡೀ ಸಂಸ್ಥಾನವನ್ನು ಅಳೆಯಿತು. 33 ಅಡಿಯ ಸರಪಳಿ ಹಿಡಿದು ಹೊಲ ಅಳೆದರು. ಸರಪಳಿಯುದ್ದ, ಸರಪಳಿಯಗಲದ ನೆಲ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಪ್ರತಿ ತಾಕಿಗೂ ಸರ್ವೆ ನಂಬರು, ಪ್ರತಿ ನಂಬರಿಗೂ ಆಕಾರ (ಕಟ್ಟಬೇಕಾದ ಕಂದಾಯ), ಪ್ರತಿ ಆಕಾರಕ್ಕೂ ಹೊಣೆಗಾರನಾಗಿ ಒಬ್ಬ ಖಾತೆದಾರ.

ಅದೇ ಹೊತ್ತಿಗೆ ಅರಮನೆಗೂ ವಾರಸಿಕೆಯ ಸಂಕಟ ಎದುರಾಗಿತ್ತು. ಗಂಡುಸಂತಾನವಿಲ್ಲದ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ದತ್ತುಮಗನಿಗೆ ರಾಜ್ಯ ಸಿಗುತ್ತದೆಂದು ಬ್ರಿಟಿಷ್ ಸರ್ಕಾರ ಒಪ್ಪಿದ್ದು 1867ರಲ್ಲಿ, ಮುಮ್ಮಡಿಯವರು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂದಾಗ, ಬೆಂಗಳೂರಿನ ದಂಡುಪ್ರದೇಶಕ್ಕೆ ಬದಲಾಗಿ ಶ್ರೀರಂಗಪಟ್ಟಣದ ದ್ವೀಪವೂ ಮೈಸೂರಿಗೆ ಸೇರಿತು.

ಏಳು ವರ್ಷದ ನಂತರ, 1888ರಲ್ಲಿ, ಮೈಸೂರು ಭೂಕಂದಾಯ ಸಂಹಿತೆ ಬಂತು. ಅದರ ಅಚ್ಚು 1879ರ ಮುಂಬಯಿ ಸಂಹಿತೆಯದು. ಖಾತೆದಾರ ಸತ್ತರೆ ಅವನ ಹಿರಿಯ ಮಗನ ಹೆಸರನ್ನು, ಇಲ್ಲವೇ ವಾರಸುದಾರನೆಂದು ಕಾಣುವ ಬೇರೊಬ್ಬನ ಹೆಸರನ್ನು ದಾಖಲಿಸಬೇಕೆಂದು ಮುಂಬಯಿ ಸಂಹಿತೆ ಹೇಳಿತ್ತು. ತಮ್ಮಂದಿರ ಹಕ್ಕು ಕಿತ್ತುಕೊಳ್ಳುವ ಉದ್ದೇಶ ಅದಕ್ಕಿರಲಿಲ್ಲ; ಕಂದಾಯ ಬಾಕಿ ಬಿದ್ದರೆ ಯಾರನ್ನು ಹಿಡಿಯಬೇಕೆಂದು ಗೊತ್ತಿದ್ದರೆ ಸಾಕಿತ್ತು. ಗ್ರಾಮಾಧಿಕಾರದಲ್ಲೂ ಇದೇ ನಡೆ: 1908ರ ಮೈಸೂರು ಗ್ರಾಮಾಧಿಕಾರ ಕಾಯ್ದೆಯ ಪ್ರಕಾರ ಪಟೇಲಿಕೆ, ಶಾನುಭೋಗಿಕೆ ಹಿರಿಯನಿಂದ ಹಿರಿಯ ಮಗನಿಗೆ ಇಳಿಯುತ್ತಿತ್ತು.

ಹೀಗೆ ಆಡಳಿತದ ಅನುಕೂಲಕ್ಕೆ ಹುಟ್ಟಿದ ಪದ್ಧತಿ ಎರಡು ತಲೆಮಾರು ಕಳೆಯುವಷ್ಟರಲ್ಲಿ ಹಕ್ಕಿನ ಬಣ್ಣ ಪಡೆಯಿತು. ‘ಖಾತೆ ಯಾರ ಹೆಸರಲ್ಲಿದೆ?’ ಎಂಬ ಪ್ರಶ್ನೆ ‘ಜಮೀನು ಯಾರದು?’ ಎಂಬ ಪ್ರಶ್ನೆಯ ಜಾಗದಲ್ಲಿ ಕೂತಿತು.

ನಾಲೆ ನೀರು, ಕಬ್ಬು, 1933

ನೆಲಕ್ಕೆ ಬೆಲೆ ಇಲ್ಲದಿದ್ದಾಗ ಈ ಗೊಂದಲ ಯಾರನ್ನೂ ಹೆಚ್ಚು ಕಾಡಲಿಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಹಳೆಯ ನಾಲೆಗಳಿದ್ದವು, ಚಿಕ್ಕದೇವರಾಜ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ ಇತ್ಯಾದಿ. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಗೆ ಆಗ ಫ್ರೆಂಚ್ ರಾಕ್ಸ್ ಎಂದೇ ಹೆಸರು. ಅದೇ ಇಂದಿನ ಪಾಂಡವಪುರ. ಕೃಷ್ಣರಾಜಪೇಟೆ ಹಿಂದೆ ಅತ್ತಿಕುಪ್ಪೆ. ನಾಗಮಂಗಲದ್ದು ಕೆರೆ ಮತ್ತು ಮಳೆ ನಂಬಿದ ರಾಗಿ, ಹುರುಳಿಯ ಬೇಸಾಯ.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದ ಮೇಲೆ ಲೆಕ್ಕವೆಲ್ಲ ಬದಲಾಯಿತು. ಹಿನ್ನೀರಿನಲ್ಲಿ ಊರೂರೇ ಮುಳುಗಿದವು, ಕನ್ನಂಬಾಡಿಯೂ ಸೇರಿ. ಮುಳುಗಿದ ಹೊಲಕ್ಕೆ ಪರಿಹಾರ ಎಂದಾಗ ಮೊದಲು ಹುಡುಕುವುದು ಖಾತೆದಾರನನ್ನೇ. ಜಮೀನು ಕಳೆದುಕೊಂಡ ಒಟ್ಟು ಕುಟುಂಬದಲ್ಲಿ ಹಣ ಯಾರ ಕೈ ಸೇರಬೇಕೆಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಕಟ್ಟೆಯ ಕೆಳಗೆ ಮತ್ತೊಂದು ಬಗೆಯ ಬದಲಾವಣೆ. ಹುಲಿಕೆರೆಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿ ಇರ್ವಿನ್ ನಾಲೆ ಹರಿಸಿದರು. ಈಗ ಅದು ವಿಶ್ವೇಶ್ವರಯ್ಯ ನಾಲೆ. ರಾಗಿ ಬೆಳೆಯುತ್ತಿದ್ದ ಹೊಲ ಭತ್ತ, ಕಬ್ಬಿನ ಗದ್ದೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯವೇ ಒಂದು ಜಿಲ್ಲೆಯಾಯಿತು.

ಸಕ್ಕರೆ ಕಂಪನಿ ಬಂದ ಅದೇ 1933ರಲ್ಲಿ ಮೈಸೂರು ಸರ್ಕಾರ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆಯನ್ನು ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಮಿರ್ಜಾ ಇಸ್ಮಾಯಿಲ್ ದಿವಾನಗಿರಿ. ಬ್ರಿಟಿಷ್ ಭಾರತದಲ್ಲಿ ಹಿಂದೂ ವಿಧವೆಯರಿಗೆ ಆಸ್ತಿ ಹಕ್ಕಿನ ಕಾಯ್ದೆ ಬರುವುದಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ತಾಯಿಗೆ ಮಗನ ಪಾಲಿನ ಅರ್ಧ, ಮದುವೆಯಾಗದ ತಂಗಿಗೆ ಅಣ್ಣನ ಪಾಲಿನ ಕಾಲುಭಾಗ ಕೊಡಬೇಕೆಂದಿತು ಮೈಸೂರಿನ ಕಾಯ್ದೆ. ಅಣ್ಣತಮ್ಮಂದಿರಿಲ್ಲದೆ ಒಟ್ಟು ಆಸ್ತಿ ಒಬ್ಬನಿಗೇ ಉಳಿದರೂ ಹೆಂಗಸರ ಪಾಲು ಅದರ ಜೊತೆಗೇ ಉಳಿಯುತ್ತದೆ ಎಂದಿತು. ಕಾಲುಭಾಗ ಇವತ್ತಿಗೆ ಕಡಿಮೆ ಅನ್ನಿಸಬಹುದು. ಆದರೆ ಜೀವನಾಂಶದ ದಯೆಯಲ್ಲಿದ್ದ ಹೆಣ್ಣನ್ನು ಪಾಲುಗಾರ್ತಿ ಎಂದು ಕಾನೂನು ಕರೆದದ್ದು ಈ ಸೀಮೆಯಲ್ಲಿ ಅದೇ ಮೊದಲು.

ಆದರೆ ಆ ಹಕ್ಕು ಎದ್ದು ನಿಲ್ಲುತ್ತಿದ್ದದ್ದು ಪಾಲಾದಾಗ. ಊರಿನಲ್ಲಿ ಪಾಲು ಎಂದರೆ ಪಂಚಾಯಿತಿ ಕೂತು, ಬದುವಿನ ಕಲ್ಲು ತೋರಿಸಿ, ಒಂದು ಹಾಳೆಯಲ್ಲಿ ಪಾಲುಪಟ್ಟಿ ಬರೆದು ಹೆಬ್ಬೆಟ್ಟು ಒತ್ತುವುದು. ಎಷ್ಟೋ ಸಲ ಅದೂ ಇಲ್ಲ. ನೋಂದಣಿಯಾಗದ ಆ ಹಾಳೆ ಕಚೇರಿಗೆ ಹೋಗುತ್ತಿರಲಿಲ್ಲ. 1927ರ ಮೈಸೂರು ಹಕ್ಕುದಾಖಲೆ ಕಾಯ್ದೆಯ ಬಳಿಕ ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕುದಾಖಲೆ), ಎಂ.ಆರ್. (ಖಾತೆ ಬದಲಾವಣೆ) ಎಂಬ ರಿಜಿಸ್ಟರುಗಳು ಬಂದವು ನಿಜ. ಆದರೂ ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಹಿರೀಮಗನ ಹೆಸರೇ, ಕೆಲವೊಮ್ಮೆ ‘ಹಿರಿಯ ಮಗ, ಒಟ್ಟು ಕುಟುಂಬ’ ಎಂಬ ಷರಾದೊಂದಿಗೆ. ಆ ನಾಲ್ಕು ಪದದ ಷರಾ ಉಳಿದಿದ್ದರೆ ತಮ್ಮಂದಿರ ಮೊಮ್ಮಕ್ಕಳು ಇವತ್ತು ಬಚಾವು. ನಕಲು ಮಾಡುವಾಗ ಅದನ್ನು ಬಿಟ್ಟಿದ್ದರೆ ದಾವೆಗೆ ಅಲ್ಲಿಂದಲೇ ದಾರಿ.

ಆರು ಎಕರೆಯ ಲೆಕ್ಕ

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂತು. ವಿಲ್ ಇಲ್ಲದೆ ಸತ್ತ ಗಂಡಸಿನ ಸ್ವಯಾರ್ಜಿತ ಆಸ್ತಿ ಮೊದಲ ವರ್ಗದ ವಾರಸುದಾರರಿಗೆ ಸರಿಸಮ: ಮಗ, ಮಗಳು, ಹೆಂಡತಿ, ತಾಯಿ ಎಲ್ಲರಿಗೂ. ಮಗಳ ಮದುವೆಯಾಗಿರಲಿ ಬಿಡಲಿ. ಪಿತ್ರಾರ್ಜಿತದಲ್ಲಿ ಮಾತ್ರ ಹಳೆಯ ಮಿತಾಕ್ಷರದ ನೆರಳು ಉಳಿಯಿತು.

ಅದರ ಪರಿಣಾಮ ಕಾಣಲು ಊಹೆಯ ಒಂದು ಕುಟುಂಬ ಸಾಕು. ಪಿತ್ರಾರ್ಜಿತ ಆರು ಎಕರೆ, ಅಂದರೆ 240 ಗುಂಟೆ. ಅಪ್ಪ 1960ರಲ್ಲಿ ಸತ್ತ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾದ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಸಾವಿಗೆ ಒಂದು ಗಳಿಗೆ ಮೊದಲು ಅಪ್ಪ ಮತ್ತು ಗಂಡುಮಕ್ಕಳ ನಡುವೆ ಪಾಲಾಯಿತೆಂದು ಕಾನೂನು ಭಾವಿಸುತ್ತದೆ: ಮೂವರಿಗೂ 80 ಗುಂಟೆ. ಅಪ್ಪನ 80 ಗುಂಟೆ ಐವರಿಗೆ ಹಂಚಿದರೆ ತಲಾ 16. ಕೊನೆಗೆ ಒಬ್ಬೊಬ್ಬ ಮಗನಿಗೆ 96 ಗುಂಟೆ. ತಾಯಿಗೆ 16, ಒಬ್ಬೊಬ್ಬ ಮಗಳಿಗೆ 16. ಅದೇ ಅಪ್ಪ 1950ರಲ್ಲಿ ಸತ್ತಿದ್ದರೆ ಮದುವೆಯಾದ ಹೆಣ್ಣುಮಕ್ಕಳಿಗೆ ಏನೂ ಇರಲಿಲ್ಲ. ಇವತ್ತಿನ ಕಾನೂನಿನಲ್ಲಾದರೆ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಾಲುದಾರರು: ಅಪ್ಪ ಮತ್ತು ನಾಲ್ವರು ಮಕ್ಕಳಿಗೆ ತಲಾ 48 ಗುಂಟೆ, ಅಪ್ಪನ 48 ಮತ್ತೆ ಐವರಿಗೆ ಹಂಚಿಕೆ. ಆಗ ಮಗನಿಗೂ ಮಗಳಿಗೂ ಒಂದೇ ಪಾಲು, ಒಂದು ಎಕರೆ ಹದಿನೇಳೂವರೆ ಗುಂಟೆಗಿಂತ ತುಸು ಹೆಚ್ಚು.

1960ರ ಆ 16 ಗುಂಟೆಗಳು ಕಾನೂನಿನ ಪ್ರಕಾರ ಅಪ್ಪ ಸತ್ತ ಗಳಿಗೆಯಲ್ಲೇ ಹೆಣ್ಣುಮಕ್ಕಳದಾದವು. ಅರ್ಜಿ ಬೇಡ, ಆದೇಶ ಬೇಡ. ಆದರೆ ಖಾತೆ ಮಾತ್ರ ಹಿರಿಯಣ್ಣನ ಹೆಸರಿಗೆ ಹೋಯಿತು. ಅಕ್ಕತಂಗಿಯರು ಕೇಳಲಿಲ್ಲ. ಗೌರಿ ಹಬ್ಬದ ಬಾಗಿನ ಬರುತ್ತಿದ್ದರೆ, ಬಾಣಂತನಕ್ಕೆ ತವರಿನ ಬಾಗಿಲು ತೆರೆದಿದ್ದರೆ ಸಾಕಿತ್ತು. ಕೇಳಿದವಳಿಗೆ ತವರು ತಪ್ಪುವ ಭಯ. ಕೇಳದವಳ ಸಹಿ ಹಕ್ಕು ಖುಲಾಸೆ ಪತ್ರಕ್ಕೆ. ಮುಸ್ಲಿಂ ಕುಟುಂಬಗಳಲ್ಲಿ ಮಗಳಿಗೆ ಮಗನ ಅರ್ಧ ಪಾಲು ಧರ್ಮದಲ್ಲೇ ನಿಗದಿಯಾಗಿತ್ತು. ಹಾಗೆಂದು ಪಹಣಿಯ ಕಾಲಮಿಗೆ ಆ ಹೆಸರು ತಾನಾಗಿ ಬರುತ್ತಿರಲಿಲ್ಲ.

ನಮೂನೆ 7 ಮತ್ತು ಹೊಸ ಮಾಲೀಕರು

ಆ ಆಸುಪಾಸಿನ ಎರಡು ದಶಕಗಳಲ್ಲಿ ಸರ್ಕಾರವೇ ಸಾವಿರಾರು ಹೊಸ ಖಾತೆಗಳನ್ನು ಸೃಷ್ಟಿಸಿತು. 1954 ಮತ್ತು 1955ರ ಕಾಯ್ದೆಗಳು ವ್ಯಕ್ತಿಗಳಿಗೂ ದೇವಸ್ಥಾನಗಳಿಗೂ ಬಿಟ್ಟಿದ್ದ ಇನಾಂಗಳನ್ನು ರದ್ದು ಮಾಡಿದವು; ಮೇಲುಕೋಟೆ, ಶ್ರೀರಂಗಪಟ್ಟಣದಂಥ ದೇವಸ್ಥಾನದ ಊರುಗಳಿರುವ ಸೀಮೆಗೆ ಇದು ಸಣ್ಣ ಮಾತಲ್ಲ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಪಟೇಲರು, ಶಾನುಭೋಗರು, ತೋಟಿ, ನೀರಗಂಟಿಗಳ ವಂಶಪಾರಂಪರ್ಯ ಮುಗಿಯಿತು. ಅವರ ಸೇವಾ ಜಮೀನು ಕಚೇರಿಯಲ್ಲಿ ಹೆಸರಿದ್ದವನಿಗೆ ಮರುಮಂಜೂರಾಯಿತು. ಅದು ಅವನೊಬ್ಬನದೋ ಇಡೀ ಮನೆತನದ್ದೋ ಎಂಬ ತಕರಾರು ದಶಕಗಟ್ಟಲೆ ನಡೆಯಿತು. ಕರ್ನಾಟಕದ ವತನು (ಸೇವಾ) ಜಮೀನಿನ ಪ್ರಕರಣವೊಂದರಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಮರುಮಂಜೂರಾದ ಜಮೀನು ಕುಟುಂಬದವರ ನಡುವೆ ಪಾಲಾಗತಕ್ಕದ್ದೇ ಎಂದಿತು.

ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಗೇಣಿ ಜಮೀನುಗಳು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿ, ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಯಿತು. ಅಣ್ಣತಮ್ಮಂದಿರು ಕೂಡಿ ಉಳುತ್ತಿದ್ದ ಗೇಣಿಗೆ ಅರ್ಜಿ ಹಾಕಿದ್ದು ಓಡಾಡಬಲ್ಲ ಒಬ್ಬ. ಹಕ್ಕು ಬಂದದ್ದೂ ಅವನ ಹೆಸರಿಗೆ. ಅವನು ವಿಲ್ ಇಲ್ಲದೆ ಸತ್ತಾಗ ತಮ್ಮಂದಿರ ಮಕ್ಕಳು ವಾರಸುದಾರರ ಪಟ್ಟಿಯಲ್ಲೇ ಇರಲಿಲ್ಲ. ಕಡತದ ಕಾಲದ ಕತೆ ಉಳುವವನ ಮನೆಯಲ್ಲೂ ಮತ್ತೊಮ್ಮೆ ನಡೆದಂತಾಯಿತು.

1964ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಮು, ವಾರಸಿಕೆಯಿಂದ ಜಮೀನು ಬಂದವರು ಮೂರು ತಿಂಗಳೊಳಗೆ ವರದಿ ಮಾಡಬೇಕೆನ್ನುತ್ತದೆ. 129ನೇ ಕಲಮಿನಂತೆ ನೋಟಿಸು, ತಕರಾರು, ವಿಚಾರಣೆ, 136ರಂತೆ ಎ.ಸಿ.ಗೆ ಮೇಲ್ಮನವಿ. ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವ ತನಕ ನಿಜವೆಂದು ಭಾವಿಸಬೇಕು ಎನ್ನುತ್ತದೆ 133. ಆದರೆ ಖಾತೆ ಹಕ್ಕನ್ನು ಸೃಷ್ಟಿಸುವುದಿಲ್ಲ, ಮಾಲೀಕತ್ವ ತೀರ್ಮಾನಿಸುವುದು ಸಿವಿಲ್ ಕೋರ್ಟ್ ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ. ಮೂರು ತಿಂಗಳ ಗಡುವು ಎಷ್ಟೋ ಮನೆಗಳಲ್ಲಿ ಮೂವತ್ತು ವರ್ಷವಾಯಿತು. ಇದಕ್ಕೆ ವಲಸೆಯೂ ಒಂದು ಕಾರಣ: ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಮುಂಬಯಿಗೆ ಹೊಟ್ಟೆಪಾಡಿಗೆ ಹೋದವರು ಬಹಳ. 2020ರ ಕೋವಿಡ್ ಲಾಕ್‌ಡೌನಿನಲ್ಲಿ ಊರಿಗೆ ಮರಳಿದಾಗ ಅವರ ಸಂಖ್ಯೆ ನಾಡಿಗೇ ಗೊತ್ತಾಯಿತು. ಅಲ್ಲಿರುವ ತಮ್ಮನ ಸಹಿಗಾಗಿ ಇಲ್ಲಿರುವ ಅಣ್ಣ ಮುಂದಿನ ಹಬ್ಬದವರೆಗೆ ಕಾದದ್ದೂ ಉಂಟು, ಕಾಯದೆ ಅವನ ಹೆಸರನ್ನೇ ಬಿಟ್ಟದ್ದೂ ಉಂಟು.

ಹೆಣ್ಣುಮಕ್ಕಳ ಹೆಸರು

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1990ರಲ್ಲಿ ಕರ್ನಾಟಕ ಸಿದ್ಧಪಡಿಸಿದ ತಿದ್ದುಪಡಿ ರಾಷ್ಟ್ರಪತಿಗಳ ಅಂಕಿತ ಪಡೆದು 1994ರ ಜುಲೈ 30ರಂದು ಜಾರಿಗೆ ಬಂತು. ಮಗಳೂ ಹುಟ್ಟಿನಿಂದ ಪಾಲುದಾರಳಾದಳು, ಆದರೆ ಅದಕ್ಕೂ ಮೊದಲು ಮದುವೆಯಾಗಿರಬಾರದು. ಒಂದೇ ಮನೆಯಲ್ಲಿ 1993ರಲ್ಲಿ ಮದುವೆಯಾದ ಅಕ್ಕನಿಗೆ ಇಲ್ಲ, 1995ರಲ್ಲಾದ ತಂಗಿಗೆ ಉಂಟು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದವನ್ನು ಅಳಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಅಥವಾ ಕೋರ್ಟಿನಿಂದ ಆದ ಪಾಲುಗಳನ್ನು ಮಾತ್ರ ಮುಟ್ಟಲಿಲ್ಲ. ಅಪ್ಪ 2005ರಲ್ಲಿ ಬದುಕಿರಬೇಕೇ ಬೇಡವೇ ಎಂಬ ಪ್ರಶ್ನೆಗೆ 2015 ಮತ್ತು 2018ರಲ್ಲಿ ಸುಪ್ರೀಂ ಕೋರ್ಟಿನಿಂದ ಒಂದಕ್ಕೊಂದು ಹೊಂದದ ತೀರ್ಪುಗಳು ಬಂದವು. ಎರಡೂ ಕರ್ನಾಟಕದಿಂದ ಹೋದ ಪ್ರಕರಣಗಳು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದ ಬರುವುದರಿಂದ ಅಪ್ಪ ಬದುಕಿರಬೇಕಿಲ್ಲ ಎಂದು ತೀರ್ಮಾನಿಸಿತು. ವಿಜ್ಞಾನೇಶ್ವರ ಮಗನಿಗೆ ಕೊಟ್ಟಿದ್ದ ಆಧಾರವೇ ಮಗಳದೂ ಆಯಿತು.

ಬಾಯಿಮಾತಿನ ಪಾಲು ನಡೆಯಿತೆಂಬ ವಾದಕ್ಕೆ ಗಟ್ಟಿ ಸಾರ್ವಜನಿಕ ದಾಖಲೆ ಬೇಕೆಂದೂ ಆ ತೀರ್ಪು ಹೇಳಿತು. ಪಂಚಾಯಿತಿ ಪಾಲುಪಟ್ಟಿಯನ್ನೇ ನೆಚ್ಚಿಕೊಂಡಿದ್ದ ಹಳ್ಳಿಗಳಿಗೆ ಇದು ನೇರ ಪೆಟ್ಟು.

ಪಹಣಿಯಲ್ಲಿ ಉಳಿದ ಮೃತರು

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು; ಮೊದಲು ಇದನ್ನು ಕಂಡ ತಾಲ್ಲೂಕುಗಳಲ್ಲಿ ನೆರೆಯ ಮದ್ದೂರೂ ಒಂದು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಆದರೆ ಯಂತ್ರ ನಕಲು ಮಾಡಿದ್ದು ಹಳೆಯ ರಿಜಿಸ್ಟರನ್ನೇ. ಸತ್ತವರ ಹೆಸರುಗಳೂ ಹಾಗೇ ಏರಿದವು. ಮುಂದೆ ಬೆಳೆಸಾಲ, ಬೆಳೆ ಪರಿಹಾರ, ಪಿಎಂ ಕಿಸಾನ್ ಎಲ್ಲಕ್ಕೂ ಪಹಣಿಯಲ್ಲಿ ಬದುಕಿರುವವನ ಹೆಸರು ಬೇಕಾಯಿತು. ಪಿಎಂ ಕಿಸಾನಿನಲ್ಲಿ 2019ರ ಫೆಬ್ರವರಿ 1ರ ನಂತರ ಜಮೀನು ಪಡೆದವರಿಗೆ ಹಣವಿಲ್ಲ, ಮಾಲೀಕ ಸತ್ತು ವಾರಸಿಕೆಯಿಂದ ಬಂದಿದ್ದರೆ ಮಾತ್ರ ವಿನಾಯಿತಿ. ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಲಕ್ಷಗಟ್ಟಲೆ ಖಾತೆಗಳಿಗೆ ಜೋಡಿಸಲು ಮನುಷ್ಯರೇ ಇಲ್ಲವೆಂದು ಬಯಲಾಯಿತು. 2025ರಲ್ಲಿ ಕಂದಾಯ ಇಲಾಖೆ, ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ‘ಇ-ಪೌತಿ’ ಆಂದೋಲನ ಹಮ್ಮಿಕೊಂಡಿತು.

ಪೌತಿ ಖಾತೆಗೆ ಬೇಕಾದ ಕಾಗದಗಳು ಹೆಚ್ಚಲ್ಲ: ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್. ತೊಡಕೆಲ್ಲ ಮೊದಲೆರಡರಲ್ಲಿ. ಜನನ ಮರಣ ನೋಂದಣಿ ಕಾಯ್ದೆಯೇ 1969ರದು. ಅದಕ್ಕೂ ಮುಂಚೆ ಸತ್ತ ಮುತ್ತಜ್ಜನಿಗೆ ಪ್ರಮಾಣಪತ್ರ ಎಲ್ಲಿಂದ ತರುವುದು? ವರ್ಷ ಮೀರಿ ತಡವಾದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ಬಳಿಕ ಆ ಅಧಿಕಾರ ಜಿಲ್ಲಾ ಮತ್ತು ಉಪವಿಭಾಗ ಮ್ಯಾಜಿಸ್ಟ್ರೇಟರ ಬಳಿ ಬಂದಿದೆ. ಇನ್ನು ವಂಶವೃಕ್ಷ. ಅಕ್ಕತಂಗಿಯರ ಹೆಸರು ಬಿಟ್ಟು ಅದನ್ನು ಬರೆಸಿದರೆ ಖಾತೆ ಬೇಗ ಆಗಬಹುದು. ಆದರೆ ಹತ್ತು ವರ್ಷದ ಮೇಲೆ ಜಮೀನು ಮಾರಲು ಹೊರಟಾಗ, ಹೆದ್ದಾರಿಗೆ ಹೋಗಿ ಪರಿಹಾರ ಬಂದಾಗ, ಬಿಟ್ಟ ಹೆಸರೇ ಪಾಲು ದಾವೆಯ ವಾದಿಯಾಗಿ ಬಂದು ನಿಲ್ಲುತ್ತದೆ.

ಎಲ್ಲರ ಹೆಸರು ಸೇರಿಸಿ ಜಂಟಿ ಖಾತೆ ಮಾಡಿಸಿದರೆ ಜಮೀನು ತುಂಡಾಗುವುದಿಲ್ಲ, ಉಳುವವನ ಕೈಯೂ ತಪ್ಪುವುದಿಲ್ಲ. ಕೊಡುವವರಿದ್ದರೆ ನೋಂದಾಯಿತ ಪತ್ರದಲ್ಲಿ ತಮ್ಮ ಪಾಲನ್ನು ಅಣ್ಣನಿಗೆ ಬಿಡಬಹುದು. ಬೇಕೆನ್ನುವವರು ಪಾಲಿನ ಗಡಿ ತೋರಿಸುವ 11ಇ ನಕ್ಷೆ ಮಾಡಿಸಿ, ನೋಂದಾಯಿತ ವಿಭಾಗ ಪತ್ರ ಬರೆಸಿ ಬೇರೆಯಾಗಬಹುದು. ಎರಡೂ ದಾರಿಗಳು ಹಕ್ಕಿದ್ದವರನ್ನು ಕೇಳಿಯೇ ಸಾಗುತ್ತವೆ. ಹಿರೀಮಗನ ಒಂದು ಹೆಸರು ಸರ್ಕಾರದ ವಸೂಲಿಗೆ ಸಾಕಾಗಿತ್ತು, ಮನೆಗೆ ಎಂದೂ ಸಾಕಾಗಿರಲಿಲ್ಲ. ವಸೂಲಿಯ ಕಾಲ ಹೋಗಿ ಸಹಾಯಧನದ ಕಾಲ ಬಂದಿರುವಾಗ ಸರ್ಕಾರಕ್ಕೂ ಅದು ಸಾಲುತ್ತಿಲ್ಲ.